ಆಫ್ಟರ್‌ಕೂಲರ್ (ಕಂಪ್ರೆಸರ್‌ನಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಇದ್ದರೂ ಕಂಪ್ರೆಸರ್ ಗಾಳಿಯ ಪೈಪಿನಲ್ಲಿ ನೀರು ಏಕೆ ಬರುತ್ತದೆ? ಡ್ರೈಯರ್ ಗಾಳಿಯನ್ನು ತಣ್ಣಗೆ ಮಾಡಿ ಮತ್ತೆ ಬಿಸಿ ಮಾಡುವುದೇಕೆ?

ಆಫ್ಟರ್‌ಕೂಲರ್ ಗಾಳಿಯನ್ನು ಒಣಗಿಸುವುದಿಲ್ಲ, ತಣ್ಣಗೆ ಮಾತ್ರ ಮಾಡುತ್ತದೆ. ಅದರಲ್ಲಿ ತುಂಬಾ ನೀರು ಇಳಿಯುತ್ತದೆ ನಿಜ, ಆದರೆ ಹೊರಬರುವ ಗಾಳಿ ಆ ತಾಪಮಾನಕ್ಕೆ ಪೂರ್ತಿ ತೇವ ತುಂಬಿಕೊಂಡೇ ಇರುತ್ತದೆ. ಪೈಪಿನಲ್ಲಿ ಇನ್ನೊಂದೆರಡು ಡಿಗ್ರಿ ತಣ್ಣಗಾದರೂ ಸಾಕು, ಮತ್ತೆ ನೀರು.

ಒತ್ತಡ ಎಷ್ಟೇ ಇರಲಿ, ಒಂದು ಘನ ಮೀಟರ್ ಜಾಗ 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ ನೀರಾವಿ ಹಿಡಿಯಬಲ್ಲದು, 3 ಡಿಗ್ರಿಯಲ್ಲಿ ಸುಮಾರು 6 ಗ್ರಾಂ ಮಾತ್ರ. ಹಾಗಾಗಿ ಫ್ರಿಜ್ ಥರ ಕೆಲಸ ಮಾಡುವ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ಇಳಿಸಿ, ಬಿದ್ದ ನೀರನ್ನು ಸೆಪರೇಟರ್‌ನಲ್ಲಿ ಬೇರೆ ಮಾಡಿ ಹೊರಗೆ ಬಿಡುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಒಳಗೇ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ.

ನನಗೆ ತುಂಬಾ ಇಷ್ಟವಾಗುವ ಭಾಗ ಮತ್ತೆ ಬಿಸಿ ಮಾಡುವುದು, ಏಕೆಂದರೆ ಅದಕ್ಕೆ ಹೀಟರ್ ಬೇಕಿಲ್ಲ: ಹೊರಹೋಗುವ ತಣ್ಣನೆ ಗಾಳಿ ಮತ್ತು ಒಳಬರುವ ಬಿಸಿ ಗಾಳಿ ಒಂದೇ ಹೀಟ್ ಎಕ್ಸ್‌ಚೇಂಜರ್‌ನಲ್ಲಿ, ಬೆರೆಯದೆ, ಲೋಹದ ಗೋಡೆಯ ಆಚೀಚೆ ಹರಿಯುತ್ತವೆ. ಒಳಬರುವುದು ಪುಕ್ಕಟೆಯಾಗಿ ತಣ್ಣಗಾಗುತ್ತದೆ, ಫ್ರಿಜ್ ಭಾಗದ ಕರೆಂಟ್ ಉಳಿಯುತ್ತದೆ. ಹೊರಹೋಗುವುದು ಬೆಚ್ಚಗಾಗುವುದರಿಂದ ಪೈಪಿನ ಹೊರಮೈ ಬೆವರುವುದಿಲ್ಲ.

ಡ್ರೈಯರ್ ಇದ್ದೂ ನೀರು ಬಂದರೆ ಮೊದಲು ಆಟೋ ಡ್ರೈನ್, ಅಂದರೆ ಬೇರ್ಪಟ್ಟ ನೀರನ್ನು ತಾನಾಗಿಯೇ ಹೊರಬಿಡುವ ಭಾಗ, ನೋಡಿ. ಅದು ಕಟ್ಟಿಕೊಂಡರೆ ಬೇರ್ಪಟ್ಟ ನೀರೇ ಗಾಳಿಯ ಜೊತೆ ವಾಪಸ್ ಹೋಗುತ್ತದೆ. ಆಫ್ಟರ್‌ಕೂಲರ್ ಫಿನ್‌ಗಳಲ್ಲಿ ಧೂಳು ತುಂಬಿದ್ದರೂ ಗಾಳಿ ಜಾಸ್ತಿ ಬಿಸಿಯಾಗಿ ಬಂದು ಡ್ರೈಯರ್ ಸೋಲುತ್ತದೆ. ಪೈಪ್ ಹೊರಗಿನ ಕೊರೆಯುವ ಚಳಿಯಲ್ಲಿ, ಸೊನ್ನೆಗಿಂತ ಕೆಳಗೆ ಹಾದುಹೋಗುವುದಾದರೆ ಈ ಫ್ರಿಜ್ ಥರದ ಡ್ರೈಯರ್ ಸಾಲದು, ತೇವ ಹೀರುವ ಕಾಳುಗಳಿರುವ ಡೆಸಿಕಂಟ್ ಡ್ರೈಯರ್ ಬೇಕು.