ಕರಗಿದರೆ ಒಳ್ಳೆಯದೇ ಅಲ್ವಾ?

ಓದುಗರೊಬ್ಬರ ಪತ್ರ: “ನನ್ನ ತಮ್ಮ ಅಣು ಇಂಧನದ ಕಾರ್ಖಾನೆಗೆ ಕೆಲಸಕ್ಕೆ ಸೇರಿದ್ದಾನೆ. ಯುರೇನಿಯಂ ಪುಡಿ ಉಸಿರಿನಲ್ಲಿ ಹೋದರೂ ಕರಗಿ ಮೂತ್ರದಲ್ಲಿ ಹೋಗಿಬಿಡುತ್ತೆ ಅಂತಾನೆ. ಕರಗಿದರೆ ಒಳ್ಳೆಯದೇ ಅಲ್ವಾ?”

ಸಂಪಾದಕರ ಉತ್ತರ: ನಿಮ್ಮ ತಮ್ಮ ಹೇಳಿದ್ದು ಅರ್ಧ ನಿಜ. ಅವರು ಮುಟ್ಟುವುದು ಯುರೇನಿಯಂನ ಯಾವ ರೂಪ ಎಂದು ಮೊದಲು ಕೇಳಿ.

ಯುರೇನಿಯಂ ಹೆಕ್ಸಾಫ್ಲೋರೈಡ್, ಅಂದರೆ ಯುರೇನಿಯಂ ಮತ್ತು ಫ್ಲೋರಿನ್ ಸೇರಿದ ರಾಸಾಯನಿಕ, ತೇವದ ಗಾಳಿ ತಾಗಿದರೆ ಯುರೇನಿಲ್ ಫ್ಲೋರೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಯುರೇನಿಲ್ ಫ್ಲೋರೈಡ್ ಶ್ವಾಸಕೋಶದಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿ ರಕ್ತ ಸೇರುತ್ತದೆ. ರಕ್ತ ಸೇರಿದ್ದರಲ್ಲಿ ಹೆಚ್ಚಿನ ಪಾಲು ಒಂದೇ ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ, ನಿಜ. ಆದರೆ ಹೋಗುವ ದಾರಿ ಕಿಡ್ನಿ. ರಕ್ತದ ಬೈಕಾರ್ಬನೇಟ್ ಯುರೇನಿಯಂ ಅನ್ನು ಕಟ್ಟಿಕೊಂಡು ಅಲ್ಲಿಗೆ ತರುತ್ತದೆ. ಕಿಡ್ನಿಯ ಸಣ್ಣ ನಾಳಗಳಲ್ಲಿ ಆಮ್ಲ ಜಾಸ್ತಿಯಾದಾಗ ಆ ಕಟ್ಟು ಬಿಚ್ಚುತ್ತದೆ. ಬಿಡಿಯಾದ ಯುರೇನಿಯಂ ನಾಳದ ಗೋಡೆಗೆ ಅಂಟಿ ಕೋಶಗಳನ್ನು ಕೆಡಿಸುತ್ತದೆ. ಇಲ್ಲಿ ವಿಕಿರಣಕ್ಕಿಂತ ಲೋಹದ ವಿಷವೇ ದೊಡ್ಡ ಭಯ. ಹೈಡ್ರೋಜನ್ ಫ್ಲೋರೈಡ್ ಕಥೆ ಬೇರೆ. 1986ರ ಜನವರಿಯಲ್ಲಿ ಅಮೆರಿಕದ ಓಕ್ಲಹೋಮಾದ ಗೋರ್‌ನಲ್ಲಿ ಹೆಕ್ಸಾಫ್ಲೋರೈಡ್ ಮಿತಿಮೀರಿ ತುಂಬಿದ್ದ ಸಿಲಿಂಡರ್ ಕಾಯಿಸುವಾಗ ಒಡೆಯಿತು. ಒಬ್ಬ ಕೆಲಸಗಾರನ ಜೀವ ತೆಗೆದದ್ದು ಆ ಸುಡುವ ಆವಿ.

ಕೈಗಾದ ರಿಯಾಕ್ಟರುಗಳಲ್ಲಿ ಉರಿಯುವುದು ಯುರೇನಿಯಂ ಡೈಆಕ್ಸೈಡ್ ಬಿಲ್ಲೆ. ಅದರ ಪುಡಿ ನೀರಿಗೆ ಸುಲಭವಾಗಿ ಬಗ್ಗುವುದಿಲ್ಲ. ಆಕ್ಸಿಜನ್ ಜೊತೆ ಸೇರಿ ರೂಪ ಬದಲಿಸಿದ ಮೇಲಷ್ಟೇ ಕರಗುತ್ತದೆ. ಶ್ವಾಸಕೋಶದ ಕಾವಲು ಕೋಶಗಳು ಕಣವನ್ನು ನುಂಗಿ, ತಮ್ಮೊಳಗಿನ ಆಮ್ಲದಲ್ಲಿ ಇಟ್ಟುಕೊಳ್ಳುತ್ತವೆ. ಆದರೂ ಕರಗುವುದು ತೀರಾ ನಿಧಾನ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ 1994ರ ಮಾದರಿಯಲ್ಲಿ ಇಂಥ ವಸ್ತು ಅರ್ಧದಷ್ಟು ಕರಗಲು ಸುಮಾರು 7000 ದಿನ, ಅಂದರೆ 19 ವರ್ಷ ಬೇಕು. ಅಷ್ಟು ಕಾಲ ಉಳಿದ ಕಣ ಅಕ್ಕಪಕ್ಕದ ಕೋಶಗಳಿಗೆ ಆಲ್ಫಾ ವಿಕಿರಣ ಹೊಡೆಯುತ್ತಲೇ ಇರುತ್ತದೆ. ಕ್ಯಾನ್ಸರಿನ ಚಿಂತೆ ಬರುವುದು ಇಲ್ಲಿ.

ಒಂದೇ ಹೆಸರಿನ ಪುಡಿಯೂ ಎಲ್ಲ ಕಡೆ ಒಂದೇ ಥರ ಕರಗುವುದಿಲ್ಲ. ಎಷ್ಟು ಬಿಸಿಯಲ್ಲಿ ಸುಟ್ಟರು, ಕಣ ಎಷ್ಟು ಸಣ್ಣದು ಎಂಬುದರ ಮೇಲೆ ಬದಲಾಗುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಶ್ವಾಸಕೋಶದ ದ್ರವದಂಥ ದ್ರಾವಣವನ್ನು 37 ಡಿಗ್ರಿಯಲ್ಲಿಟ್ಟು, ಆಯಾ ಕಾರ್ಖಾನೆಯ ಪುಡಿಯನ್ನೇ ಹಾಕಿ ನೋಡುತ್ತಾರೆ. ನನ್ನ ಪ್ರಕಾರ ಇದು ಎಲ್ಲ ಕಡೆ ಕಡ್ಡಾಯವಾಗಬೇಕು.

ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂತ ನಿಮ್ಮ ತಮ್ಮ ನೆಮ್ಮದಿಯಾಗಿದ್ದರೆ ಅವರಿಗೆ ಇದನ್ನು ಹೇಳಿ: ಕರಗದ್ದು ಮೂತ್ರಕ್ಕೆ ಬರುವುದೇ ಕಡಿಮೆ. ಬಿಲ್ಲೆ ಒತ್ತುವ ವಿಭಾಗದಲ್ಲಿದ್ದರೆ, ಎದೆಯ ಬಳಿ ಉಪಕರಣ ಇಟ್ಟು ಶ್ವಾಸಕೋಶವನ್ನೇ ಅಳೆಯುವ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ ಆಗುತ್ತದೆ ಎಂದು ಕಾರ್ಖಾನೆಯ ಆರೋಗ್ಯ ಅಧಿಕಾರಿಯನ್ನು ಕೇಳಲಿ.