ಅಮ್ಮನ ದುಡ್ಡು ಮೊದಲು ಅಮ್ಮನಿಗೆ

ಪತ್ರ: ‘ನಮ್ಮಮ್ಮನಿಗೆ 79 ವರ್ಷ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿದೆ, ವಾಕರ್ ಹಿಡಿದು ನಡೆಯುತ್ತಾರೆ. ಸ್ನಾನಕ್ಕೆ, ರಾತ್ರಿ ಎದ್ದಾಗ ಒಬ್ಬರು ಜೊತೆಗೆ ಬೇಕು. ತುಮಕೂರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಇಬ್ಬರು ಆಯಾಗಳು ಬಂದು ಬಿಟ್ಟುಹೋದರು. ಬೆಂಗಳೂರಲ್ಲಿ ನನ್ನ ಮನೆಗೆ ಹತ್ತಿರ, ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಅಸಿಸ್ಟೆಡ್ ಲಿವಿಂಗ್ ಕೇಂದ್ರ ನೋಡಿದ್ದೇನೆ. ತಿಂಗಳಿಗೆ 52 ಸಾವಿರ, ಡಿಪಾಸಿಟ್ 2 ಲಕ್ಷ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ 24 ಸಾವಿರ ಬರುತ್ತದೆ, ಎಫ್‌ಡಿ 20 ಲಕ್ಷ ಇದೆ. ಮನೆಯನ್ನು ಅಪ್ಪ ಉಯಿಲು ಬರೆದು ಅಮ್ಮನಿಗೇ ಕೊಟ್ಟಿದ್ದಾರೆ, ಖಾತೆಯೂ ಅವರ ಹೆಸರಿಗೇ ಆಗಿದೆ. ಡಲ್ಲಾಸ್‌ನಲ್ಲಿರುವ ಅಣ್ಣ, ಪುಣೆಯಲ್ಲಿರುವ ತಮ್ಮ ಇಬ್ಬರದೂ ಒಂದೇ ಮಾತು: ಅಮ್ಮನ ದುಡ್ಡು, ಅಪ್ಪ ಕಟ್ಟಿದ ಮನೆ ಮುಟ್ಟೋದು ಬೇಡ, ಖರ್ಚನ್ನು ಮೂರು ಪಾಲು ಮಾಡೋಣ. ನನ್ನ ಪಾಲು 17 ಸಾವಿರ ದಾಟುತ್ತದೆ. ನನ್ನ ಸಂಬಳ 38 ಸಾವಿರ, ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಇಲ್ಲದಿದ್ದರೆ ಮನೆಯನ್ನು ತನ್ನ ಹೆಸರಿಗೆ ದಾನಪತ್ರ ಮಾಡಿಕೊಡಲಿ, ಖರ್ಚೆಲ್ಲ ತಾನೇ ನೋಡಿಕೊಳ್ಳುತ್ತೇನೆ ಅಂತಾನೆ ಅಣ್ಣ. ಅಮ್ಮನ ದುಡ್ಡಿನಿಂದಲೇ ಅಮ್ಮನನ್ನು ನೋಡಿಕೊಂಡರೆ ಪಾಪ ಅಲ್ವಾ?’
— ಓದುಗರೊಬ್ಬರು, ಬೆಂಗಳೂರು

ಉತ್ತರ: ಪಾಪ ಅಲ್ಲ ತಂಗಿ. ಅಮ್ಮನ ಹತ್ತಿರ ದುಡ್ಡಿದ್ದೂ ಅದನ್ನು ಅವರಿಗೆ ಖರ್ಚು ಮಾಡದೆ ಬೀರುವಿನಲ್ಲಿ ಕಾಯ್ದಿಡುವುದೇ ತಪ್ಪು. ಈ ಮಾತನ್ನು ಎಷ್ಟೋ ವರ್ಷದಿಂದ ಬರೆಯಬೇಕು ಅಂದುಕೊಂಡಿದ್ದೆ. ನಿಮ್ಮ ಪತ್ರ ಬಂದಿದ್ದು ಒಳ್ಳೆಯದಾಯಿತು.

ನಿಮ್ಮ ಅಣ್ಣ ತಮ್ಮಂದಿರ ಮನಸ್ಸೂ ನನಗೆ ಅರ್ಥವಾಗುತ್ತದೆ. ಹೆತ್ತವರನ್ನು ಮಕ್ಕಳು ತಮ್ಮ ದುಡಿಮೆಯಲ್ಲಿ ಸಾಕಬೇಕು ಅನ್ನುವುದು ದೊಡ್ಡ ಮಾತು. ಅಪ್ಪ ಕಟ್ಟಿದ ಮನೆ ಅಂದರೆ ಬರೀ ಇಟ್ಟಿಗೆ ಸಿಮೆಂಟ್ ಅಲ್ಲ, ನಿಜ. ಆದರೆ ಮೇಷ್ಟ್ರು ಆ ಮನೆಯನ್ನು ಉಯಿಲು ಬರೆದು ಹೆಂಡತಿಗೆ ಯಾಕೆ ಕೊಟ್ಟರು? ತಾವು ಹೋದ ಮೇಲೆ ಆಕೆ ಯಾರ ಮುಂದೆಯೂ ಕೈ ಚಾಚಬಾರದು ಅಂತ ತಾನೇ? ಅವರ ಆಸೆ ನಡೆಸಬೇಕಾದರೆ ಆ ಮನೆ ಈಗ ಅವರ ಹೆಂಡತಿಯ ಕೆಲಸಕ್ಕೆ ಬರಬೇಕು.

ನನ್ನ ದೊಡ್ಡಮ್ಮನ ಕಥೆ ಹೇಳುತ್ತೇನೆ. ಮೈಸೂರಿನಲ್ಲಿ ಅವರ ಹೆಸರಿಗೆ ಎರಡು ಅಂತಸ್ತಿನ ಮನೆ ಇತ್ತು. ಕಾಲು ಸೋತ ಮೇಲೆ ನಾಲ್ಕು ಜನ ಮಕ್ಕಳು ಸೇರಿ ಮಾತಾಡಿದರು. ‘ಅಮ್ಮನ ಆಸ್ತಿ ಮುಟ್ಟೋದು ಬೇಡ, ನಾವೇ ಹಾಕ್ಕೊಂಡು ನೋಡ್ಕೊಳ್ಳೋಣ’ ಅಂತ ತೀರ್ಮಾನವಾಯಿತು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ನಾಲ್ವರಲ್ಲಿ ಒಬ್ಬನಿಗೆ ಕೈಲಾಗುತ್ತಿರಲಿಲ್ಲ. ಅವನು ಎಷ್ಟು ಕೊಡಬಲ್ಲನೋ ಅದೇ ಎಲ್ಲರ ಪಾಲಿನ ಲೆಕ್ಕವಾಯಿತು. ಆ ದುಡ್ಡಿಗೆ ವೃದ್ಧಾಶ್ರಮದಲ್ಲಿ ಸಿಕ್ಕಿದ್ದು ಒಂದೇ ರೂಮಿನಲ್ಲಿ ಆರು ಮಂಚದ ಜಾಗ. ದೊಡ್ಡಮ್ಮನ ಮಂಚ ಗೋಡೆ ಪಕ್ಕ. ನಾನು ಹೋದಾಗಲೆಲ್ಲ ಕೇಳುತ್ತಿದ್ದುದು ಒಂದೇ: ‘ಕಿಟಕಿ ಪಕ್ಕ ಒಂದು ಮಂಚ ಕೊಡ್ಸೋಕೆ ಆಗುತ್ತೇನೋ?’ ಕಿಟಕಿ ಪಕ್ಕದ್ದು ಇಬ್ಬರ ರೂಮು, ತಿಂಗಳಿಗೆ 6 ಸಾವಿರ ಜಾಸ್ತಿ. ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಅವರದೇ ಮನೆ ಬೀಗ ಹಾಕಿಕೊಂಡು ಇತ್ತು. ಬಾಡಿಗೆಗೆ ಕೊಟ್ಟರೆ ಬಿಡಿಸುವುದು ಕಷ್ಟ ಅಂತ ಖಾಲಿ ಇಟ್ಟಿದ್ದರು. ಮೂರು ವರ್ಷ ದೊಡ್ಡಮ್ಮ ಗೋಡೆ ನೋಡಿಕೊಂಡೇ ಇದ್ದು ಹೋದರು. ವರ್ಷಾಬ್ದಿಕ ಆಗುವಷ್ಟರಲ್ಲಿ ಮನೆ ಮಾರಿ ನಾಲ್ಕು ಪಾಲು ಆಯಿತು. ಆ ಮಕ್ಕಳು ಯಾರೂ ಕೆಟ್ಟವರಲ್ಲ. ಇಂದಿಗೂ ಸಿಕ್ಕಾಗ ಅಮ್ಮನ ನೆನೆದು ಅಳುತ್ತಾರೆ. ನನಗೆ ಮಾತ್ರ ಆ ಕಿಟಕಿ ಮರೆಯುವುದಕ್ಕೆ ಆಗಿಲ್ಲ.

ಹೆಂಗಸಿನ ಆಸ್ತಿ ಅಂದರೆ ಮಕ್ಕಳಿಗಾಗಿ ಕಾಯ್ದಿಟ್ಟ ಗಂಟು ಅಂತ ನಾವು ಯಾವಾಗ ಅಂದುಕೊಂಡೆವೋ! ಸುಮಾರು ಒಂಬೈನೂರು ವರ್ಷದ ಹಿಂದೆ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರರು ಮಿತಾಕ್ಷರಾ ಅನ್ನುವ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದರು. ಮದುವೆಯಲ್ಲಿ ಬಂದ ಒಡವೆ ಮಾತ್ರ ಸ್ತ್ರೀಧನವಲ್ಲ, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿಗೆ ಬಂದದ್ದೂ ಸ್ತ್ರೀಧನವೇ ಅಂದರು. ಬ್ರಿಟಿಷರ ಕಾಲದ ಕೋರ್ಟುಗಳು ಅದನ್ನು ಮತ್ತೆ ಕುಗ್ಗಿಸಿದವು. 1956ರ ಹಿಂದೂ ವಾರಸಾ ಕಾಯ್ದೆಯ 14ನೇ ಕಲಮು ಬಂದ ಮೇಲೆ ಹೆಂಗಸಿನ ಆಸ್ತಿಗೆ ಆಕೆಯೇ ಪೂರ್ಣ ಒಡತಿಯಾದಳು. ನಿಮ್ಮ ತುಮಕೂರಿನ ಮನೆಗೆ ಒಡತಿ ನಿಮ್ಮಮ್ಮ. ಅವರು ಬದುಕಿರುವಾಗ ಅದರಲ್ಲಿ ನಿಮಗೆ ಮೂವರಿಗೂ ಪಾಲಿಲ್ಲ. (ಉಯಿಲು ಇಲ್ಲದೆ ತೀರಿಕೊಂಡಿದ್ದರೆ ಮಾತು ಬೇರೆ. ಅಪ್ಪನ ಸ್ವಂತ ಗಳಿಕೆಯ ಮನೆ ಹೆಂಡತಿಗೂ ಮಕ್ಕಳಿಗೂ, ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಸಮನಾಗಿ ಹೋಗುತ್ತದೆ, ಮಾರುವುದಕ್ಕೆ ಎಲ್ಲರ ಸಹಿ ಬೇಕು. ಬೇರೆ ಓದುಗರು ಇದನ್ನು ಗಮನಿಸಿ.)

ಈಗ ಲೆಕ್ಕಕ್ಕೆ ಬರೋಣ. 20 ಲಕ್ಷದಲ್ಲಿ 2 ಲಕ್ಷ ಡಿಪಾಸಿಟ್‌ಗೆ ಹೋಗಲಿ. 3 ಲಕ್ಷ ಆಸ್ಪತ್ರೆಗೆ ಅಂತ ಕೈಗೆ ಸಿಗುವ ಹಾಗೆ ಇಡಿ. ಉಳಿದ 15 ಲಕ್ಷವನ್ನು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಒಬ್ಬರ ಹೆಸರಿಗೆ 30 ಲಕ್ಷದವರೆಗೆ ಇಡಬಹುದು. ಶೇ 8.2ರ ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 10,250. ಮನೆ ಬಾಡಿಗೆಗೆ ಕೊಟ್ಟರೆ 14 ಸಾವಿರ ಬರುತ್ತದೆ ಅಂತ ಇಟ್ಟುಕೊಳ್ಳಿ. ಪೆನ್ಷನ್ 24 ಸಾವಿರ. ಒಟ್ಟು 48,250. ಕೇಂದ್ರದ ಬಿಲ್ಲಿಗೆ 3,750 ಕಮ್ಮಿ. ಮಾತ್ರೆ, ಡೈಪರ್, ಫಿಸಿಯೋಥೆರಪಿಗೆ 7 ಸಾವಿರ ಸೇರಿಸಿ. ಮೂವರೂ ಸೇರಿ ಹಾಕಬೇಕಾದ್ದು 10,750. ನಿಮ್ಮ ಪಾಲು 3,600ರ ಆಸುಪಾಸು. ಅದನ್ನೂ ಸಮಪಾಲು ಮಾಡುವುದು ಬೇಡ. ಡಲ್ಲಾಸ್‌ನ ಸಂಬಳಕ್ಕೂ ನಿಮ್ಮ 38 ಸಾವಿರಕ್ಕೂ ಒಂದೇ ತಕ್ಕಡಿ ಯಾಕೆ? ಅಮ್ಮ ಬಿದ್ದಾಗ ಓಡಿ ಬರುವುದು ನೀವು, ಡಾಕ್ಟರ ಬಾಗಿಲಲ್ಲಿ ಕಾಯುವುದು ನೀವು. ಅದಕ್ಕೆ ಬೆಲೆ ಇಲ್ವಾ?

ಕೇಂದ್ರದವರು ವರ್ಷಕ್ಕೆ ಶೇ ಎಷ್ಟು ಏರಿಸುತ್ತಾರೆ ಅಂತ ಈಗಲೇ ಬರೆಸಿಕೊಳ್ಳಿ. ಶೇ 8ರಂತೆ ಏರಿದರೆ ನಾಲ್ಕು ವರ್ಷದಲ್ಲಿ 52 ಸಾವಿರ 70 ಸಾವಿರ ದಾಟುತ್ತದೆ. ಆಗ ಮನೆ ಮಾರಬೇಕಾಗಬಹುದು. ಮಾರಿ. ರಿವರ್ಸ್ ಮಾರ್ಟ್‌ಗೇಜ್, ಅಂದರೆ ಮನೆ ಅಡವಿಟ್ಟು ಬ್ಯಾಂಕಿನಿಂದ ಸಾಲವಾಗಿ ತಿಂಗಳು ತಿಂಗಳು ದುಡ್ಡು ಪಡೆಯುವುದು, ಅಂತ ಯಾರಾದರೂ ಹೇಳುತ್ತಾರೆ. 2007ರಲ್ಲಿ ಬಂದ ಒಳ್ಳೆ ಯೋಜನೆ ಅದು, ಆದರೆ ಸ್ವಂತ ಮನೆಯಲ್ಲೇ ವಾಸ ಇರುವವರಿಗೆ. ಒಂದು ವರ್ಷ ಮನೆ ಬಿಟ್ಟಿದ್ದರೆ ಸಾಲ ತೀರಿಸಿ ಅನ್ನುತ್ತಾರೆ. ನಿಮಗೆ ಹೊಂದುವುದಿಲ್ಲ.

ಅಣ್ಣ ಹೇಳುವ ದಾನಪತ್ರಕ್ಕೆ ನನ್ನ ಉತ್ತರ ಬೇಡ ಅಂತಲೇ. ಅವರು ಮಾತಿಗೆ ತಪ್ಪುವವರು ಅಂತ ನಾನು ಹೇಳುತ್ತಿಲ್ಲ. ನಾಳೆ ಅವರ ಕೆಲಸ ಹೋಗಬಹುದು, ಅವರಿಗೇ ಏನಾದರೂ ಆಗಬಹುದು. ಆಗ ನಿಮ್ಮಮ್ಮನ ಕೈಯಲ್ಲಿ ಏನಿರುತ್ತದೆ? 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳದಿದ್ದರೆ ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಪಡೆಯುವ ದಾರಿ ಇದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೇ ಕೊಟ್ಟದ್ದು ಅಂತ ತೋರಿಸಬೇಕಾಗುತ್ತದೆ ಅಂತ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ತೀರ್ಪು ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು, ಸಂತೋಷ. ಆದರೂ 80ರ ಹೆಂಗಸು ವಾಕರ್ ಹಿಡಿದು ಮಗನ ಮೇಲೆ ಅರ್ಜಿ ಹಾಕಲು ಹೋಗುವ ದಿನ ಯಾಕೆ ಬರಬೇಕು? ಕೊಡುವ ಮನಸ್ಸಿದ್ದರೆ ಉಯಿಲು ಬರೆಯಲಿ. ಉಯಿಲನ್ನು ಬೇಕಾದಾಗ ಬದಲಿಸಬಹುದು.

ಇನ್ನೊಂದು ಕೆಲಸ ಈ ತಿಂಗಳೇ ಮಾಡಿ. ಅಮ್ಮನ ಬ್ಯಾಂಕ್ ಖಾತೆಗೆ ನಿಮ್ಮ ಹೆಸರನ್ನೂ ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸುವ ಹಾಗೆ. ಪವರ್ ಆಫ್ ಅಟಾರ್ನಿ ಸಾಕು ಅಂದುಕೊಂಡು ಕೂರುವವರು ಬಹಳ ಜನ. ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದೂ ಅಲ್ಲಿಗೇ ಮುಗಿಯುತ್ತದೆ. ಯಾವಾಗ ಬೇಕೋ ಆಗಲೇ ಅದು ಕೈಕೊಡುತ್ತದೆ. ನನ್ನ ಸ್ನೇಹಿತರೊಬ್ಬರು ಮರೆವಿನ ಕಾಯಿಲೆ ಬಂದ ತಂದೆಯ ದುಡ್ಡು ತಂದೆಯ ಬಿಲ್ಲಿಗೇ ಕಟ್ಟಲಾಗದೆ ಹೈಕೋರ್ಟಿನವರೆಗೆ ಅಲೆದರು.

ಜಾಗ ನೋಡುವ ಬಗ್ಗೆ. ನೀವು ಭಾನುವಾರ ಬೆಳಿಗ್ಗೆ ಹೋಗಿ ನೋಡಿ ಬಂದಿರುತ್ತೀರಿ, ಅಲ್ವಾ? ಹೇಳದೆ ಕೇಳದೆ ಇನ್ನೊಂದು ಸಲ ಹೋಗಿ, ರಾತ್ರಿ ಎಂಟೂವರೆಗೆ. ಆಗ ಎಷ್ಟು ಜನ ಆಯಾಗಳು ಇದ್ದಾರೆ ಎಣಿಸಿ. ನಿಮ್ಮಮ್ಮನಿಗೆ ಕೈ ಬೇಕಾಗಿರುವುದು ರಾತ್ರಿ. ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಅಲ್ಲೇ ಕೂತು ನೋಡಿ. ಮೂಗು ಹೇಳುವುದನ್ನು ನಂಬಿ. ಬೆಳಿಗ್ಗೆಯ ಡೈಪರ್ ಸಂಜೆಯವರೆಗೂ ಇದ್ದರೆ ಯಾವ ಫಿನಾಯಿಲೂ ಮುಚ್ಚುವುದಿಲ್ಲ. ಅಲ್ಲಿರುವ ಅಜ್ಜಿಯರ ಪಕ್ಕ ಅರ್ಧ ಗಂಟೆ ಕೂತು ಮಾತಾಡಿ. ಆಯಾಗಳಲ್ಲಿ ಕನ್ನಡ ಬರುವವರು ಇದ್ದಾರಾ? ಇದನ್ನು ಭಾಷಾಭಿಮಾನಕ್ಕೆ ಕೇಳುತ್ತಿಲ್ಲ. ನೋವು ಎಲ್ಲಿ ಅಂತ ಹೇಳುವುದಕ್ಕೆ ಅಮ್ಮನಿಗೆ ತಮ್ಮ ಮಾತು ಬೇಕು. ರಾತ್ರಿ ಮುದ್ದೆ ಉಂಡು ಅಭ್ಯಾಸ ಇದ್ದರೆ ಮುದ್ದೆ ಸಿಗುತ್ತದಾ ಕೇಳಿ. ಆಮೇಲೆ ಕಾಗದ. 52 ಸಾವಿರದಲ್ಲಿ ಏನೇನು ಸೇರಿಲ್ಲ ಅನ್ನುವುದನ್ನು ಬರೆಸಿ. ಅಮ್ಮ ಆಸ್ಪತ್ರೆಗೆ ಸೇರಿದ ದಿನಗಳಿಗೂ ಪೂರ್ತಿ ಬಿಲ್ಲಾ? ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ, ಕಳಿಸಿಬಿಡುತ್ತಾರಾ? ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್? ಮೊದಲು ಒಂದು ತಿಂಗಳು ಇದ್ದು ನೋಡುತ್ತೇವೆ ಅನ್ನಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ.

ಒಂದು ಬೇಜಾರು ಹೇಳಲೇಬೇಕು. ಇಷ್ಟುದ್ದದ ಪತ್ರದಲ್ಲಿ ಅಣ್ಣನ ಮಾತಿದೆ, ತಮ್ಮನ ಮಾತಿದೆ, ನಿಮ್ಮ ಕಷ್ಟವಿದೆ. ಅಮ್ಮ ಏನಂದರು ಅಂತ ಒಂದು ಸಾಲೂ ಇಲ್ಲ. ಅವರಿಗೆ ಮುರಿದಿರುವುದು ಸೊಂಟ. ಲೆಕ್ಕ ಗೊತ್ತಾಗುತ್ತದೆ, ಬೇಕು ಬೇಡ ಗೊತ್ತಾಗುತ್ತದೆ. ಮೇಷ್ಟ್ರ ಸಂಬಳದಲ್ಲಿ ಮೂವರನ್ನು ಓದಿಸಿ, ಮನೆ ಎದ್ದು ನಿಂತು, ಮೇಲೆ 20 ಲಕ್ಷ ಉಳಿದಿದೆ ಅಂದರೆ ಅದರಲ್ಲಿ ಆ ಹೆಂಗಸಿನ ಲೆಕ್ಕಾಚಾರ ಎಷ್ಟಿರಬೇಕು! ಅವರನ್ನು ಬಿಟ್ಟು ನೀವು ಮೂವರು ಪಾಲು ಹಾಕುತ್ತಿದ್ದೀರಿ.

ನಿಮ್ಮದು ಆದರೂ ದಾರಿ ಇರುವ ಮನೆ. ನನಗೆ ನಿದ್ದೆ ಕೆಡಿಸುವುದು ಏನೂ ಇಲ್ಲದವರ ಯೋಚನೆ. ನಮ್ಮ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ. ನೀವು ನೋಡಿದ ಕೇಂದ್ರದ ಒಂದು ದಿನದ ಖರ್ಚಿಗೂ ಅದು ಸಾಲದು. ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನದ ಪಾಲು 60ರಿಂದ 79ರವರೆಗೆ ಇನ್ನೂ 200 ರೂಪಾಯಿ. 2024ರ ಅಕ್ಟೋಬರಿನಲ್ಲಿ 70 ದಾಟಿದವರಿಗೆಲ್ಲ ಆಯುಷ್ಮಾನ್‌ನಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಅಂತ ಶುರುಮಾಡಿದರು, ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಬಿದ್ದು ಮೂಳೆ ಮುರಿದ ಮೇಲೆ ದುಡ್ಡು ಸಿಗುತ್ತದೆ, ಬೀಳದ ಹಾಗೆ ಹಿಡಿಯುವ ಕೈಗೆ ಸಿಗುವುದಿಲ್ಲ. 2007ರ ಕಾಯ್ದೆಯಲ್ಲಿ ಜಿಲ್ಲೆಗೊಂದರಂತೆ 150 ಜನ ದಿಕ್ಕಿಲ್ಲದ ಹಿರಿಯರಿಗೆ ಆಶ್ರಮದ ಮಾತಿದೆ. ಆದರೆ ರಾಜ್ಯ ಸರ್ಕಾರ ‘ಸ್ಥಾಪಿಸಬಹುದು’ ಅಂತಿದೆ, ‘ಸ್ಥಾಪಿಸಲೇಬೇಕು’ ಅಂತಿಲ್ಲ. ಆ ಒಂದು ಪದ ಬದಲಿಸಿ ಅಂತ ಯಾವ ಚುನಾವಣೆಯಲ್ಲಿ ಯಾರು ಕೇಳಿದ್ದಾರೆ? ಮಗುವಿನ ಎಲ್‌ಕೆಜಿ ಸೀಟಿಗೆ ಲಕ್ಷ ಕೊಡುವ ನಾವು ಅಜ್ಜಿಯ ಡೈಪರ್‌ಗೆ ಚೌಕಾಸಿ ಮಾಡುತ್ತೇವೆ. ಆ ಡೈಪರ್ ಬದಲಿಸುವ ಹುಡುಗಿ ಯಾವ ಊರಿನವಳು, ಎಷ್ಟು ಸಂಬಳ, ವಾರಕ್ಕೊಂದು ರಜೆ ಇದೆಯಾ ಅಂತ ಕೇಳುವುದೇ ಇಲ್ಲ. ನೀವು ಹೋದಾಗ ಅದನ್ನೂ ಕೇಳಿ ತಂಗಿ. ಆಯಾಗಳು ವರ್ಷಗಟ್ಟಲೆ ನಿಲ್ಲುವ ಜಾಗದಲ್ಲಿ ಅಜ್ಜಿಯರು ಚೆನ್ನಾಗಿರುವುದನ್ನು ನಾನು ನೋಡಿದ್ದೇನೆ.

ಅಣ್ಣ ಮತ್ತೆ ಫೋನ್ ಮಾಡಿದಾಗ ನೀವು ವಾದ ಮಾಡಬೇಡಿ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಮ್ಮನ ಮುಂದೆ ಇಡಿ. ಕನ್ನಡಕ ಕೊಡಿ. ಅವರು ಓದಿ ಮುಗಿಸಿದ ಮೇಲೆ ಫೋನನ್ನೂ ಅವರ ಕೈಗೇ ಕೊಡಿ.