ಪಿಎ, ಎನ್‌ಪಿ ಎರಡರಲ್ಲಿ ಡಾಕ್ಟರಿಗೆ ಹತ್ತಿರ ಯಾವುದು?

ಬಿಎಸ್ಸಿ ನರ್ಸಿಂಗ್ ಮುಗಿಸಿ ಅಮೆರಿಕಕ್ಕೆ ಬಂದು, ಐಸಿಯುನಲ್ಲಿ ಐದು ವರ್ಷ ಆರ್‌ಎನ್ (ಲೈಸೆನ್ಸ್ ಇರುವ ನರ್ಸ್) ಆಗಿದ್ದೀರಿ. ಈಗ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ) ಆಗಲಾ, ನರ್ಸ್ ಪ್ರಾಕ್ಟೀಶನರ್ (ಎನ್‌ಪಿ) ಆಗಲಾ, ಡಾಕ್ಟರಲ್ಲದೆಯೂ ರೋಗಿಗಳನ್ನು ನೋಡಿ ಔಷಧಿ ಬರೆಯುವ ಈ ಎರಡರಲ್ಲಿ ಡಾಕ್ಟರಿಗೆ ಹತ್ತಿರ ಯಾವುದು ಅಂತ ಕೇಳಿದ್ದೀರಿ. ಇದನ್ನು ನಾನೇ ಬರೆದೆನಾ ಅನ್ನಿಸಿತು. ನಾನು ಹಾಸನದವಳು, ಮಂಗಳೂರಲ್ಲಿ ಓದಿದವಳು. ಟೆಕ್ಸಸ್‌ನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಏಳು ವರ್ಷ ರಾತ್ರಿ ಪಾಳಿ ಮಾಡಿದ ಮೇಲೆ ನನಗೂ ಇದೇ ಯೋಚನೆ ಹತ್ತಿತ್ತು.

ಎನ್‌ಪಿ ಆರಿಸಿಕೊಂಡೆ. ಅದು ಸರಿಯೇ. ತಪ್ಪಿದ್ದು ಅದರ ಒಳಗೆ.

ಎನ್‌ಪಿ ಅಂದರೆ ಎಲ್ಲರಿಗೂ ಒಂದೇ ಓದಲ್ಲ. ಯಾವ ರೋಗಿಗಳನ್ನು ನೋಡುತ್ತೀರಿ ಅಂತ ಸೇರುವಾಗಲೇ ಹೇಳಬೇಕು: ಫ್ಯಾಮಿಲಿ, ಮಕ್ಕಳು, ಮಾನಸಿಕ ಆರೋಗ್ಯ, ದೊಡ್ಡವರ ಅಕ್ಯೂಟ್ ಕೇರ್ (ಆಸ್ಪತ್ರೆಯಲ್ಲಿ ತೀವ್ರ ಸ್ಥಿತಿಯಲ್ಲಿರುವವರ ಆರೈಕೆ), ಹೀಗೆ. ಪರೀಕ್ಷೆ, ಸರ್ಟಿಫಿಕೇಟ್, ಲೈಸೆನ್ಸ್ ಎಲ್ಲವೂ ಅದಕ್ಕೇ ಅಂಟಿಕೊಂಡಿರುತ್ತವೆ. ಫ್ಯಾಮಿಲಿ ತಗೋ, ಮಗುವಿಂದ ಅಜ್ಜಿವರೆಗೆ ನೋಡಬಹುದು, ಕೆಲಸ ಬೇಗ ಸಿಗುತ್ತೆ ಅಂತ ಎಲ್ಲರೂ ಹೇಳಿದರು. ತಗೊಂಡೆ. ಎಲ್ಲಾ ವಯಸ್ಸಿನವರನ್ನು ನೋಡಬಹುದು ಅಂದರೆ ಎಂಥಾ ಸ್ಥಿತಿಯಲ್ಲಿದ್ದರೂ ನೋಡಬಹುದು ಅಂದುಕೊಂಡೆ. ಆ ಓದೆಲ್ಲಾ ಕ್ಲಿನಿಕ್ಕಿಗೆ ನಡೆದು ಬರುವವರದ್ದು: ಬಿಪಿ, ಶುಗರ್, ಲಸಿಕೆ, ಕೆಮ್ಮು. ವೆಂಟಿಲೇಟರ್ ಮೇಲೆ ಮಲಗಿದವರಿಗಾಗಿ ಅದು ನಿಮ್ಮನ್ನು ತಯಾರು ಮಾಡುವುದಿಲ್ಲ. ಏಳು ವರ್ಷದ ಐಸಿಯು ಅನುಭವ ಇದೆಯಲ್ಲ, ಲೆಕ್ಕಕ್ಕೆ ಬರುತ್ತೆ ಅಂತ ಧೈರ್ಯವಾಗಿದ್ದೆ. ಆರ್‌ಎನ್ ಆಗಿ ಮಾಡಿದ್ದು ಆರ್‌ಎನ್ ಲೆಕ್ಕಕ್ಕೆ. ಎನ್‌ಪಿ ಆಗಿ ಯಾರ ಮೇಲೆ ಕೈಯಿಡಬಹುದು ಅನ್ನೋದನ್ನು ಎನ್‌ಪಿ ಓದೇ ತೀರ್ಮಾನಿಸುತ್ತೆ.

ನಾನು ಕೆಲಸ ಮಾಡಿದ ಐಸಿಯುಗೇ ಅರ್ಜಿ ಹಾಕಿದೆ. ಎಷ್ಟೋ ಕೋಡ್ ಬ್ಲೂಗಳಲ್ಲಿ (ರೋಗಿಯ ಹೃದಯ ನಿಂತಾಗಿನ ತುರ್ತು ಕರೆ) ನನ್ನ ಜೊತೆ ಓಡಿದ ಡಾಕ್ಟರೇ ಸಂದರ್ಶನಕ್ಕೆ ಕೂತಿದ್ದರು, ಅವರಿಗೆ ನಾನು ಬೇಕಿತ್ತು, ಆದರೆ ಆಸ್ಪತ್ರೆಯ ಕಮಿಟಿ ಸರ್ಟಿಫಿಕೇಟ್ ನೋಡಿ ಆಗೋದಿಲ್ಲ ಅಂದಿತು. ಅಕ್ಯೂಟ್ ಕೇರ್‌ಗಾಗಿ ಮತ್ತೆ ಒಂದೂವರೆ ವರ್ಷ ಓದಿದೆ. ಮತ್ತೆ ಫೀಸು, ಮತ್ತೆ ಕ್ಲಿನಿಕಲ್ ಗಂಟೆಗಳು. ಮಗಳಿಗೆ ಆಗ ಎರಡು ವರ್ಷ. ಭಾನುವಾರ ಬಿಟ್ಟರೆ ಅವಳು ಎದ್ದಿರುವಾಗ ನಾನು ಮನೆಯಲ್ಲಿದ್ದದ್ದೇ ಕಡಿಮೆ.

ಅದೇ ಸಮಯಕ್ಕೆ ಪಿಎ ಒಬ್ಬರು ಮೂಳೆ ವಿಭಾಗದಿಂದ ಐಸಿಯುಗೆ ಬಂದರು. ಹೊಸ ಡಿಗ್ರಿ ಬೇಕಾಗಲಿಲ್ಲ. ಪಿಎಗಳಿಗೆ ಶುರುವಿನಲ್ಲೇ ಎಲ್ಲಾ ಮುಖ್ಯ ವಿಭಾಗಗಳನ್ನೂ ಸುತ್ತಿಸಿ ಕಲಿಸುತ್ತಾರೆ. ಹಾಗಂತ ನೀವು ಆ ಕಡೆ ಹೋಗಬೇಡಿ. ಸುಮಾರು 27 ತಿಂಗಳ ಪೂರ್ತಿ ಓದು, ಜೊತೆಗೆ ಕೆಲಸ ಮಾಡಿಕೊಂಡು ಹೋಗೋದು ಕಷ್ಟ, ನಿಮ್ಮ ನರ್ಸಿಂಗ್ ಡಿಗ್ರಿಯನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದ ಹಾಗೆ.

ಇನ್ನು 'ಡಾಕ್ಟರಿಗೆ ಹತ್ತಿರ' ಅನ್ನೋ ಮಾತು. ಈ ಅಳತೆಗೋಲನ್ನೇ ಬಿಡಿ. ಎರಡೂ ಕೋರ್ಸ್ ಹುಟ್ಟಿದ್ದು 1965ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದ ನಾಲ್ವರಿಂದ ಪಿಎ ಶುರುವಾಯಿತು. ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್, ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರ್ ಸೇರಿ ಎನ್‌ಪಿ ಶುರು ಮಾಡಿದರು. ಯಾರೂ ಡಾಕ್ಟರ್ ಆಗೋಕೆ ಮೆಟ್ಟಿಲು ಕಟ್ಟಲಿಲ್ಲ. ಈಗ ನಮ್ಮ ಡ್ಯೂಟಿ ಪಟ್ಟಿಯಲ್ಲಿ ಪಿಎ, ಎನ್‌ಪಿ ಒಂದೇ ಸಾಲು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕೋದು, ವೆಂಟಿಲೇಟರ್ ಸರಿಮಾಡೋದು, ಮನೆಯವರ ಹತ್ತಿರ ಮಾತಾಡೋದು ಇಬ್ಬರಿಗೂ ಇದೆ. ಆದರೆ ರಾತ್ರಿ ಎರಡಕ್ಕೆ ಕಿಡ್ನಿ, ಲಿವರ್, ಹೃದಯ ಮೂರೂ ಒಟ್ಟಿಗೆ ಕೈಕೊಟ್ಟಾಗ ನಾನು ಡಾಕ್ಟರಿಗೆ ಫೋನ್ ಮಾಡುತ್ತೇನೆ. ನನಗೆ ಹೊಳೆಯದ ಪ್ರಶ್ನೆಯನ್ನು ಅವರು ಮೊದಲೇ ಕೇಳುತ್ತಾರೆ. ಮೆಡಿಕಲ್ ಸ್ಕೂಲ್ ನಾಲ್ಕು ವರ್ಷ, ರೆಸಿಡೆನ್ಸಿ ಅನ್ನೋ ಆಸ್ಪತ್ರೆ ತರಬೇತಿ ಮೂರು, ಅದರ ಮೇಲೆ ಐಸಿಯು ಫೆಲೋಶಿಪ್ ಅನ್ನೋ ವಿಶೇಷ ತರಬೇತಿ. ಆ ಜಾಗವೇ ಬೇಕು ಅನ್ನಿಸಿದರೆ ಮೆಡಿಕಲ್ ಸ್ಕೂಲಿಗೇ ಹೋಗಿ, ಎನ್‌ಪಿಯಿಂದ ಆ ಆಸೆ ತೀರೋದಿಲ್ಲ.

ತಮ್ಮ ಬೆಂಗಳೂರಲ್ಲಿ ಪಿಎ ಓದುತ್ತಿದ್ದಾನೆ, ಇಲ್ಲಿಗೆ ಕರೆಸಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಅಲ್ಲಿನ ಡಿಗ್ರಿಗೆ ಇಲ್ಲಿ ಪಿಎ ಲೈಸೆನ್ಸ್ ಕೊಡೋದಿಲ್ಲ. ಇಲ್ಲಿ ಮಾನ್ಯತೆ ಇರುವ ಕೋರ್ಸನ್ನೇ ಮತ್ತೆ ಓದಬೇಕು. ಈಗಲೇ ಹೇಳಿಬಿಡಿ.

ನೀವು ದೊಡ್ಡವರ ಅಕ್ಯೂಟ್ ಕೇರ್ ಎನ್‌ಪಿಗೆ ಸೇರಿ. ಕ್ಲಿನಿಕಲ್‌ಗೆ ಪ್ರಿಸೆಪ್ಟರ್ (ರೋಗಿಗಳ ನಡುವೆ ಕೆಲಸ ಕಲಿಸುವವರು) ಯಾರು ಹುಡುಕಿಕೊಡುತ್ತಾರೆ ಅಂತ ಫೀಸು ಕಟ್ಟುವ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ. ಎಷ್ಟೋ ಕಡೆ ನಾವೇ ಅಲೆಯಬೇಕು. ಯಾವ ರಾಜ್ಯದಲ್ಲಿದ್ದೀರಿ ಅಂತ ಬರೆದಿಲ್ಲ. ಟೆಕ್ಸಸ್‌ನಲ್ಲಿ ಎನ್‌ಪಿ ಔಷಧಿ ಬರೆಯೋಕೆ ಡಾಕ್ಟರ್ ಜೊತೆ ಒಪ್ಪಂದ ಬೇಕು, ಅರಿಜೋನಾದಲ್ಲಿ ಬೇಡ. ತಿಳಿಸಿ, ಅದನ್ನೂ ಬರೆಯುತ್ತೇನೆ.